ಡ್ವಿವೋರ್: ಕಡತಕ್ಕೆ ಬಂದ ಮನೆಮಾತು



ಒಂದು ಭಾಷೆ ಉಳಿಯಲು ಅದನ್ನು ಮನೆಯಲ್ಲಿ ಆಡಿದರೆ ಸಾಕೆ? ಅಥವಾ ಕಚೇರಿಯ ಕಡತದಲ್ಲೂ ಅದು ಇರಬೇಕೆ? ಬ್ರಿಟನ್ನಿನ ಒಂದು ಮೂಲೆಯ ಸಣ್ಣ ಜಿಲ್ಲೆಯೊಂದು ಈ ಪ್ರಶ್ನೆಗೆ 22 ವರ್ಷಗಳ ಕಾಲ ತನ್ನದೇ ರೀತಿಯಲ್ಲಿ ಉತ್ತರ ಹೇಳಿತು. ಅದರ ಹೆಸರು ಡ್ವಿವೋರ್. 1974ರ ಏಪ್ರಿಲ್ 1ರಂದು ಹುಟ್ಟಿ, 1996ರ ಏಪ್ರಿಲ್ 1ರಂದು ಅಳಿದುಹೋದ ಜಿಲ್ಲೆ ಅದು.

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ಭೂಪಟವನ್ನು ನೋಡಿದರೆ, ವಾಯವ್ಯದಲ್ಲಿ ಐರಿಷ್ ಸಮುದ್ರದ ಕಡೆಗೆ ತೋಳು ಚಾಚಿದಂಥ ಒಂದು ಪರ್ಯಾಯ ದ್ವೀಪ ಕಾಣುತ್ತದೆ. ಅದು ಲ್ಹೀನ್. ಅದಕ್ಕೆ ಅಂಟಿಕೊಂಡ ಸೀಮೆ ಐವಿಯೊನಿದ್. ಇವೆರಡೂ ಮಧ್ಯಯುಗದಿಂದಲೇ ಹೆಸರಾದ ಪ್ರದೇಶಗಳು. ಹೆಚ್ಚುಕಡಿಮೆ ಇವನ್ನೇ ಒಟ್ಟುಗೂಡಿಸಿ ಡ್ವಿವೋರ್ ಜಿಲ್ಲೆ ಮಾಡಲಾಯಿತು. ಪುಲ್‌ಹೆಲಿ, ಕ್ರಿಕಿಯೆತ್, ಪೋರ್ತ್‌ಮಾಡೋಗ್ ಎಂಬ ಮೂರು ಸಣ್ಣ ಪಟ್ಟಣಗಳು, ಲ್ಹೀನ್ ಗ್ರಾಮಾಂತರ ಪ್ರದೇಶ ಇದರಲ್ಲಿ ಸೇರಿದ್ದವು. ಪುಲ್‌ಹೆಲಿ ಆಡಳಿತ ಕೇಂದ್ರವಾಗಿತ್ತು. ಜನಸಂಖ್ಯೆ ಮೂವತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಜಿಲ್ಲೆ ಎಂದರೂ ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು. ಕುರಿ, ದನ ಸಾಕುವ ರೈತರು, ಮೀನುಗಾರರು, ಕಲ್ಲುಗಣಿಯ ಕೆಲಸಗಾರರು ಇಲ್ಲಿನ ಹಳೆಯ ಜನ.

ಜಿಲ್ಲೆಗೆ ಹೆಸರು ಕೊಟ್ಟದ್ದು ಅಲ್ಲಿನ ನದಿ. ಆ ನದಿಯ ದಂಡೆಯ ಲ್ಹಾನಿಸ್ಟಿಮ್‌ದುಯ್ ಎಂಬ ಹಳ್ಳಿಯಲ್ಲಿ, ಚಮ್ಮಾರ ವೃತ್ತಿಯ ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗನೊಬ್ಬ ಮುಂದೆ 1916ರಿಂದ 1922ರವರೆಗೆ ಬ್ರಿಟನ್ನಿನ ಪ್ರಧಾನಿಯಾದ. ಆತನೇ ಲಾಯ್ಡ್ ಜಾರ್ಜ್. ಇಂಗ್ಲಿಷ್ ತಾಯಿನುಡಿಯಲ್ಲದ ಬ್ರಿಟಿಷ್ ಪ್ರಧಾನಿ ಎಂದು ಪ್ರಸಿದ್ಧನಾದ ಈತನನ್ನು 1945ರಲ್ಲಿ ಅದೇ ನದಿಯ ದಂಡೆಯಲ್ಲಿ ಸಮಾಧಿ ಮಾಡಲಾಯಿತು.

ನ್ಯಾಯಾಲಯದ ಹೊರಗೆ ನಿಂತ ಭಾಷೆ

ಡ್ವಿವೋರ್ ಮಾಡಿದ ಕೆಲಸದ ಬೆಲೆ ತಿಳಿಯಬೇಕಾದರೆ ನಾಲ್ಕು ಶತಮಾನ ಹಿಂದಕ್ಕೆ ಹೋಗಬೇಕು. 1536ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಬಂದ ಕಾನೂನು ವೇಲ್ಸನ್ನು ಇಂಗ್ಲೆಂಡಿನ ಜತೆ ಸೇರಿಸಿತು. ನ್ಯಾಯಾಲಯದ ಭಾಷೆ ಇಂಗ್ಲಿಷ್ ಆಯಿತು. ವೆಲ್ಷ್ ಮಾತ್ರ ಬಲ್ಲವನಿಗೆ ಸರ್ಕಾರಿ ಹುದ್ದೆಯ ಬಾಗಿಲು ಮುಚ್ಚಿತು. ಆದರೂ ಭಾಷೆ ಸಾಯಲಿಲ್ಲ. 1588ರಲ್ಲಿ ಬಿಷಪ್ ವಿಲಿಯಂ ಮಾರ್ಗನ್ ಬೈಬಲ್ಲನ್ನು ವೆಲ್ಷ್‌ಗೆ ಅನುವಾದಿಸಿ ಪ್ರಕಟಿಸಿದ. ಮುಂದೆ ಭಾನುವಾರದ ಶಾಲೆಗಳಲ್ಲಿ ಮಕ್ಕಳು, ಮುದುಕರು ಎಲ್ಲರೂ ಅದನ್ನು ಓದಲು ಕಲಿತರು. ಹೀಗೆ ಮನೆ, ಹೊಲ, ಪ್ರಾರ್ಥನಾ ಮಂದಿರ ವೆಲ್ಷ್‌ನ ಪಾಲಿಗೆ ಉಳಿದವು. ಕೋರ್ಟು, ಕಚೇರಿ ಇಂಗ್ಲಿಷಿನ ಪಾಲಾದವು.

ಈ ಏರ್ಪಾಡನ್ನು ಮೊದಲು ಬಲವಾಗಿ ಅಲುಗಿಸಿದ ಘಟನೆಗಳಲ್ಲಿ ಒಂದು ಪುಲ್‌ಹೆಲಿಯ ಸಮೀಪದಲ್ಲೇ ನಡೆಯಿತು. ವೇಲ್ಸ್‌ನ ರಾಷ್ಟ್ರೀಯ ಪಕ್ಷವಾದ ಪ್ಲೈಡ್ ಕಮ್ರಿ 1925ರಲ್ಲಿ ಸ್ಥಾಪನೆಯಾದದ್ದೂ ಇದೇ ಪುಲ್‌ಹೆಲಿಯಲ್ಲಿ. ಹನ್ನೊಂದು ವರ್ಷದ ಮೇಲೆ ಬ್ರಿಟಿಷ್ ಸರ್ಕಾರ ಪೆನಿಬರ್ತ್ ಎಂಬ ಹಳೆಯ ತೋಟದ ಮನೆಯನ್ನು ಕೆಡವಿ, ವಾಯುಪಡೆಯ ಬಾಂಬ್ ತರಬೇತಿ ಕೇಂದ್ರ ಕಟ್ಟಲು ಹೊರಟಿತು. ಪ್ರತಿಭಟನೆಗೆ ಬೆಲೆ ಸಿಗಲಿಲ್ಲ. 1936ರ ಸೆಪ್ಟೆಂಬರ್ 8ರ ನಸುಕಿನಲ್ಲಿ ಅಲ್ಲಿನ ಶೆಡ್ಡುಗಳಿಗೆ, ಮರದ ದಾಸ್ತಾನಿಗೆ ಬೆಂಕಿ ಬಿತ್ತು. ಮೂವರು ನೇರವಾಗಿ ಪುಲ್‌ಹೆಲಿ ಪೊಲೀಸ್ ಠಾಣೆಗೆ ನಡೆದು, ಹೊಣೆ ತಮ್ಮದೆಂದು ಒಪ್ಪಿಕೊಂಡರು. ಸಾಂಡರ್ಸ್ ಲೂಯಿಸ್ ವಿಶ್ವವಿದ್ಯಾಲಯದ ಅಧ್ಯಾಪಕ, ಡಿ.ಜೆ. ವಿಲಿಯಮ್ಸ್ ಶಾಲಾ ಮೇಷ್ಟ್ರು, ಲೂಯಿಸ್ ವ್ಯಾಲೆಂಟೈನ್ ಪಾದ್ರಿ.

ಕೈರ್‌ನಾರ್ವೊನ್ ನ್ಯಾಯಾಲಯದಲ್ಲಿ ಪಂಚರು ಒಮ್ಮತಕ್ಕೆ ಬರಲಿಲ್ಲ. ಮೊಕದ್ದಮೆಯನ್ನು ಲಂಡನ್ನಿಗೆ ಒಯ್ದರು. 1937ರ ಜನವರಿಯಲ್ಲಿ ಮೂವರಿಗೂ ಒಂಬತ್ತು ತಿಂಗಳ ಸಜೆಯಾಯಿತು. ಸಾಂಡರ್ಸ್ ಲೂಯಿಸ್ ಕೆಲಸ ಕಳೆದುಕೊಂಡರು. ತಮ್ಮ ನೆಲದ ನ್ಯಾಯಾಲಯದಲ್ಲೇ ತಮ್ಮ ಭಾಷೆ ಪರಕೀಯ ಎಂಬುದು ಈ ಮೊಕದ್ದಮೆಯಿಂದ ಜನರ ಮನಸ್ಸಿಗೆ ನಾಟಿತು. ನ್ಯಾಯಾಲಯದಲ್ಲಿ ವೆಲ್ಷ್‌ಗೆ ಸ್ವಲ್ಪ ಜಾಗ ಕೊಟ್ಟ ಕಾನೂನು 1942ರಲ್ಲಿ ಬಂತು. 1962ರಲ್ಲಿ ಅದೇ ಲೂಯಿಸ್ ಬಿ.ಬಿ.ಸಿ. ರೇಡಿಯೋದಲ್ಲಿ ಭಾಷೆಯ ಭವಿಷ್ಯದ ಬಗ್ಗೆ ಮಾಡಿದ ಭಾಷಣ ವೆಲ್ಷ್ ಭಾಷಾ ಚಳವಳಿಯ ಹುಟ್ಟಿಗೆ ಕಾರಣವಾಯಿತು. ತೆರಿಗೆಯ ನೋಟೀಸು, ಸಮನ್ಸು, ಅರ್ಜಿಯ ನಮೂನೆ ಎಲ್ಲವೂ ವೆಲ್ಷ್‌ನಲ್ಲಿ ಬರಬೇಕೆಂಬುದು ಅದರ ಬೇಡಿಕೆ.

ಕಚೇರಿಯ ಒಳಗೆ

1972ರ ಸ್ಥಳೀಯ ಆಡಳಿತ ಕಾನೂನು ಹಳೆಯ ಕೌಂಟಿಗಳನ್ನು ರದ್ದು ಮಾಡಿ, ಗ್ವಿನೆದ್ ಎಂಬ ದೊಡ್ಡ ಕೌಂಟಿಯನ್ನೂ ಅದರ ಕೆಳಗೆ ಐದು ಜಿಲ್ಲೆಗಳನ್ನೂ ಮಾಡಿತು. ಡ್ವಿವೋರ್ ಅವುಗಳಲ್ಲಿ ಒಂದು. ಜಿಲ್ಲಾ ಕೌನ್ಸಿಲಿನ ಕೆಲಸವೆಂದರೆ ವಸತಿ, ಕಟ್ಟಡ ಪರವಾನಗಿ, ಕಸ ವಿಲೇವಾರಿಯಂಥ ದಿನನಿತ್ಯದ ಸಂಗತಿಗಳು. ಈ ಸಾಮಾನ್ಯ ಕೆಲಸವನ್ನೇ ಡ್ವಿವೋರ್ ಕೌನ್ಸಿಲು ವೆಲ್ಷ್‌ನಲ್ಲಿ ನಡೆಸಿತು. ಜನರಿಗೆ ಎರಡು ಭಾಷೆಯಲ್ಲಿ ಪತ್ರ ಕಳಿಸುವುದು ಒಂದು ಮಾತು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ಟಿಪ್ಪಣಿಯೇ ಆ ಭಾಷೆಯಲ್ಲಿರುವುದು ಇನ್ನೊಂದು ಮಾತು. ಮೊದಲನೆಯದಕ್ಕೆ ಒಬ್ಬ ಅನುವಾದಕ ಸಾಕು. ಎರಡನೆಯದಕ್ಕೆ ಗುಮಾಸ್ತ, ಎಂಜಿನಿಯರು, ಲೆಕ್ಕಿಗ ಎಲ್ಲರೂ ಆ ಭಾಷೆಯಲ್ಲಿ ಯೋಚಿಸಿ ಬರೆಯಬೇಕು. ಹಳ್ಳಿಯ ಹುಡುಗಿಗೆ ಮನೆಮಾತು ಬಲ್ಲವಳೆಂಬ ಕಾರಣಕ್ಕೇ ನೌಕರಿ ಸಿಗುವಂತಾಗುವುದು ಆಗಲೇ.

1991ರ ಜನಗಣತಿಯ ಹೊತ್ತಿಗೆ ಇಡೀ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಡ್ವಿವೋರ್‌ನಲ್ಲಿ ಮಾತ್ರ ನಾಲ್ವರಲ್ಲಿ ಸುಮಾರು ಮೂವರು.

ಈ ಪುಟ್ಟ ಜಿಲ್ಲೆ ಇನ್ನೊಂದು ಕಾರಣಕ್ಕೂ ಸುದ್ದಿಯಲ್ಲಿತ್ತು. ಪ್ರಾರ್ಥನಾ ಮಂದಿರಗಳ ಒತ್ತಾಯದಿಂದ 1881ರ ಕಾನೂನು ವೇಲ್ಸ್‌ನಲ್ಲಿ ಭಾನುವಾರ ಪಾನಗೃಹಗಳನ್ನು ಮುಚ್ಚಿಸಿತ್ತು. 1961ರಿಂದ ಏಳು ವರ್ಷಕ್ಕೊಮ್ಮೆ ಆಯಾ ಪ್ರದೇಶದ ಜನರೇ ಮತ ಹಾಕಿ ಇದನ್ನು ತೀರ್ಮಾನಿಸುವ ಅವಕಾಶ ಬಂತು. ಒಂದೊಂದೇ ಪ್ರದೇಶ ಬಾಗಿಲು ತೆರೆಯಿತು. ಕೊನೆಯವರೆಗೂ ಮುಚ್ಚಿಕೊಂಡಿದ್ದದ್ದು ಡ್ವಿವೋರ್. 1996ರ ಮತದಾನದಲ್ಲಿ ಅದೂ ತೆರೆಯಿತು.

ಭಾಷೆ ಇದೆ, ಮನೆ ಇಲ್ಲ

ಕಚೇರಿಯ ಒಳಗೆ ಭಾಷೆ ಗೆಲ್ಲುತ್ತಿದ್ದಾಗ ಹೊರಗೆ ಬೇರೊಂದು ಕಥೆ ನಡೆಯುತ್ತಿತ್ತು. ಕಲ್ಲುಗಣಿಗಳು ಮುಚ್ಚುತ್ತ ಬಂದವು. ಯುವಕರು ಊರು ಬಿಟ್ಟರು. ಕಡಲ ದಂಡೆಯ ಸೊಬಗಿಗೆ ಮರುಳಾದ ಹೊರಗಿನ ಹಣವಂತರು ಖಾಲಿ ಮನೆಗಳನ್ನು ಕೊಂಡು ಬೇಸಿಗೆಯ ಮನೆ ಮಾಡಿಕೊಂಡರು. ಮನೆಯ ಬೆಲೆ ಸ್ಥಳೀಯರ ಸಂಬಳಕ್ಕೆ ಎಟುಕದಂತಾಯಿತು. ಚಳಿಗಾಲದಲ್ಲಿ ದೀಪವಿಲ್ಲದ ಮನೆಯಿಂದ ಶಾಲೆಗೆ ಮಕ್ಕಳು ಬರುವುದಿಲ್ಲ. 1979ರ ಡಿಸೆಂಬರಿನಲ್ಲಿ ವೇಲ್ಸ್‌ನ ಬೇಸಿಗೆ ಮನೆಗಳಿಗೆ ಗುಪ್ತವಾಗಿ ಬೆಂಕಿ ಹಚ್ಚುವ ಸರಣಿ ಶುರುವಾಯಿತು. ಮೊದಲು ಉರಿದವುಗಳಲ್ಲಿ ಲ್ಹೀನ್‌ನ ಮನೆಗಳೂ ಇದ್ದವು. ಬೆಂಕಿಯಿಂದ ಸಮಸ್ಯೆ ಬಗೆಹರಿಯಲಿಲ್ಲ.

ಬೇರೆ ದಾರಿ ಹಿಡಿದವರೂ ಇದ್ದರು. ಲ್ಹಾನ್‌ಹೈಲ್‌ಹೈರ್ನ್ ಎಂಬ ಹಳ್ಳಿಯ ಜನ, ತಮ್ಮ ವೈದ್ಯ ಕಾರ್ಲ್ ಕ್ಲೌಸ್ ಜತೆಗೂಡಿ, 1974ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿ ಊರಲ್ಲೇ ಉದ್ಯೋಗ ಹುಟ್ಟಿಸಲು ಹೊರಟರು. ಸಮೀಪದ ಬೆಟ್ಟದ ಬುಡದಲ್ಲಿ ನಾಂಟ್ ಗುರ್ತೇರ್ನ್ ಎಂಬ ಗಣಿ ಕಾರ್ಮಿಕರ ಹಳ್ಳಿ ಪಾಳುಬಿದ್ದಿತ್ತು. ಕ್ಲೌಸ್ ಮತ್ತು ಗೆಳೆಯರ ಟ್ರಸ್ಟು 1978ರಲ್ಲಿ ಅದನ್ನು ಕೊಂಡು, ಮನೆಗಳನ್ನು ರಿಪೇರಿ ಮಾಡಿಸಿತು. 1982ರಲ್ಲಿ ಅಲ್ಲಿ ವೆಲ್ಷ್ ಕಲಿಸುವ ತರಗತಿಗಳು ಆರಂಭವಾದವು. ಹೊರಗಿನಿಂದ ಬಂದವರನ್ನು ಭಾಷೆಯ ಒಳಗೆ ಕರೆದುಕೊಳ್ಳುವ ಕೆಲಸ ಹೀಗೆ ಅಲ್ಲಿ ನೆಲೆಯೂರಿತು.

1996ರಲ್ಲಿ ಜಿಲ್ಲೆಗಳನ್ನೇ ರದ್ದು ಮಾಡಿದಾಗ ಡ್ವಿವೋರ್ ಹೊಸ ಗ್ವಿನೆದ್ ಕೌನ್ಸಿಲಿನಲ್ಲಿ ಕರಗಿತು. ಆದರೆ ವೆಲ್ಷ್‌ನಲ್ಲೇ ಕಚೇರಿ ನಡೆಸುವ ಪದ್ಧತಿ ಅಳಿಯಲಿಲ್ಲ. ಹೊಸ ಕೌನ್ಸಿಲಿನ ಆಂತರಿಕ ಆಡಳಿತ ಭಾಷೆಯೂ ವೆಲ್ಷ್ ಆಯಿತು. ಡ್ವಿವೋರ್ ಎಂಬ ಹೆಸರು ಲೋಕಸಭಾ ಕ್ಷೇತ್ರವೊಂದಕ್ಕೆ ಅಂಟಿ ಉಳಿದಿದೆ.

ಅಂಕಿಗಳು ಮಾತ್ರ ಎಚ್ಚರಿಸುತ್ತವೆ. ಗ್ವಿನೆದ್‌ನಲ್ಲಿ ವೆಲ್ಷ್ ಬಲ್ಲವರು 2001ರಲ್ಲಿ ಶೇ 69 ಇದ್ದರು, 2021ರಲ್ಲಿ ಶೇ 64.4. ಬೇಸಿಗೆ ಮನೆಗಳ ಸಮಸ್ಯೆಗೆ ಪರಿಹಾರ ಹುಡುಕಲು 2021ರಲ್ಲಿ ವೇಲ್ಸ್ ಸರ್ಕಾರ ಪ್ರಯೋಗಕ್ಕೆ ಆರಿಸಿಕೊಂಡದ್ದು ಮತ್ತೆ ಡ್ವಿವೋರ್ ಸೀಮೆಯನ್ನೇ. 2023ರ ಏಪ್ರಿಲ್‌ನಿಂದ ಗ್ವಿನೆದ್ ಕೌನ್ಸಿಲು ಎರಡನೆಯ ಮನೆಗಳ ಮೇಲೆ ಶೇ 150ರಷ್ಟು ಹೆಚ್ಚುವರಿ ತೆರಿಗೆ ವಿಧಿಸಿತು.

ಮೊದಲಿನ ಪ್ರಶ್ನೆಗೆ ಡ್ವಿವೋರ್‌ನ ಚರಿತ್ರೆ ಕೊಡುವ ಉತ್ತರ ಇಷ್ಟು. ಮನೆಮಾತು ಕಚೇರಿಯ ಕಡತಕ್ಕೆ ಬಂದರೆ ಅದಕ್ಕೆ ಅನ್ನ ಸಿಗುತ್ತದೆ, ಮರ್ಯಾದೆಯೂ ಸಿಗುತ್ತದೆ. ಆದರೆ ಆ ಕಡತ ಬರೆಯುವವರು ಅದೇ ಊರಿನಲ್ಲಿ ಮನೆ ಮಾಡಿ, ಮಕ್ಕಳನ್ನು ಅಲ್ಲೇ ಶಾಲೆಗೆ ಕಳಿಸುವಂತಿರಬೇಕು. ಮೊದಲನೆಯದನ್ನು 22 ವರ್ಷದ ಒಂದು ಪುಟ್ಟ ಕೌನ್ಸಿಲು ಸಾಧಿಸಿ ತೋರಿಸಿತು. ಎರಡನೆಯದಕ್ಕಾಗಿ ಅಲ್ಲಿನ ಜನ ಇನ್ನೂ ಹೋರಾಡುತ್ತಿದ್ದಾರೆ.