ಬೇಯದ ಬೇಳೆ



ಅಡಿಗೆಯ ವಿಚಾರವಾಗಿ ಕಾಲೇಜಿನ ಉಪಾಧ್ಯಾಯನೊಬ್ಬನು ಮಾತನಾಡುವನೆಂದು ಕೇಳಿ ನಿಮ್ಮಲ್ಲಿ ಕೆಲವರು ಈಗಾಗಲೇ ನಕ್ಕಿರಬಹುದು. ನಗಲಿ, ನಮ್ಮ ವಿಷಯದಲ್ಲಿ ಅರ್ಧ ಪಾಲು ನಗೆಯೇ ಆದುದರಿಂದ ಅಷ್ಟು ಕೆಲಸ ನಮಗೆ ಕಡಿಮೆಯಾಯಿತು. ನಾವು ಬಹು ವರ್ಷಗಳಿಂದ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತ ಬಂದವರು. ಹಾಸ್ಯರಸವನ್ನು ಕುರಿತು ವರ್ಷಕ್ಕೆ ನಾಲ್ಕು ಉಪನ್ಯಾಸಗಳು ನಮ್ಮ ಪಾಲಿಗೆ ಬಂದಿವೆ. ಜಾರ್ಜ್ ಮೆರೆಡಿತ್ 1877ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣವನ್ನೂ, ಫ್ರೆಂಚ್ ತತ್ತ್ವಜ್ಞ ಬೆರ್ಗ್‌ಸನ್ 1900ರಲ್ಲಿ ಪ್ರಕಟಿಸಿದ ನಗೆಯ ಮೀಮಾಂಸೆಯನ್ನೂ ನಾವು ಎಷ್ಟೋ ಸಲ ವಿವರಿಸಿದ್ದೇವೆ. ಜೀವವುಳ್ಳ ಮನುಷ್ಯನು ಯಂತ್ರದಂತೆ ನಡೆದುಕೊಂಡಾಗ ನೋಡುವವರಿಗೆ ನಗೆ ಬರುತ್ತದೆ ಎಂಬುದು ಬೆರ್ಗ್‌ಸನ್ನನ ಮುಖ್ಯವಾದ ಅಭಿಪ್ರಾಯ. ಇದನ್ನು ಹೇಳುವಾಗ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯಾದರೂ ನಕ್ಕುದನ್ನು ನಾವು ಕಂಡಿಲ್ಲ. ಈ ಸಿದ್ಧಾಂತದ ನಿಜಾಂಶವು ನಮಗೆ ಮನದಟ್ಟಾದುದು ಅಡಿಗೆಯ ಮನೆಯಲ್ಲಿ.

ಆ ಸ್ಥಳವು ಹಾಸ್ಯಕ್ಕೆ ಹೊಸದೇನೂ ಅಲ್ಲ. ನಮ್ಮ ಗಾದೆಗಳಲ್ಲಿ ಎಷ್ಟು ಒಲೆಯ ಮುಂದೆ ಹುಟ್ಟಿದವು ನೋಡಿ. ಒಲ್ಲದ ಗಂಡನಿಗೆ ಮೊಸರಿನಲ್ಲಿಯೂ ಕಲ್ಲು. ನೆಂಟರ ಮೇಲೆ ಆಸೆ, ಅಕ್ಕಿಯ ಮೇಲೆ ಪ್ರೀತಿ. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ. ಇವನ್ನು ಮೊದಲು ನುಡಿದವರು ಯಾವ ಪಂಡಿತರೂ ಅಲ್ಲ. ಬಡಿಸುತ್ತ, ಬಾಚುತ್ತ, ಬಂದವರನ್ನು ಅಳೆಯುತ್ತ ಇದ್ದ ಗೃಹಿಣಿಯರೇ ಇರಬೇಕೆಂದು ನಮ್ಮ ಊಹೆ. ಪಂಡಿತರೂ ದೊರೆಗಳೂ ಅಡಿಗೆಯನ್ನು ಕಡೆಗಣಿಸಲಿಲ್ಲವೆಂಬುದೇನೋ ನಿಜ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಹಾಗ್ರಂಥದಲ್ಲಿ ಅನ್ನಭೋಗಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಆ ಗ್ರಂಥದ ಹೆಸರು 'ಮಾನಸೋಲ್ಲಾಸ', ಎಂದರೆ ಮನಸ್ಸಿಗೆ ಉಲ್ಲಾಸ ಕೊಡತಕ್ಕದ್ದು. ಮೂರನೆಯ ಮಂಗರಸನು ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದನು. ಆದರೆ ಅರಸನ ಮನೆಯಲ್ಲಿ ಬೇಳೆ ಬೇಯದಿದ್ದರೆ ಬಾಣಸಿಗನನ್ನು ಕರೆಸಿ ಕೇಳಿದರಾಯಿತು. ನಮ್ಮ ಮನೆಯಲ್ಲಿ ಬೇಯದಿದ್ದಾಗ ಒಲೆಯ ಮುಂದೆ ಇದ್ದವರು ನಾವೊಬ್ಬರೇ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯವರಿಗೆ ವಿಷಮಜ್ವರ ಬಂದು, ಮೂರು ವಾರ ಕಾಯಿಸಿ, ಬಿಟ್ಟಿತು. ಜ್ವರ ಬಿಟ್ಟರೂ ಹಸಿವು ಬರಲಿಲ್ಲ. ಗಂಜಿಯನ್ನು ಕಂಡರೆ ಮುಖ ತಿರುಗಿಸುವರು. ಹಾಲು ಎರಡು ಗುಟುಕಿಗೆ ಸಾಕು. ದಿನವೆಲ್ಲ ಗೋಡೆಯ ಕಡೆ ಮುಖಮಾಡಿ ಮಲಗಿರುವರು. ಕೇಳಿದುದಕ್ಕೆ ಒಂದು ಪದದ ಉತ್ತರ, ಇಲ್ಲವಾದರೆ ಅದೂ ಇಲ್ಲ. ವೈದ್ಯರು ನಮ್ಮನ್ನು ಜಗುಲಿಗೆ ಕರೆದು, "ಔಷಧದ ಕೆಲಸ ಮುಗಿಯಿತು, ಇನ್ನು ಅನ್ನದ ಕೆಲಸ. ಅದು ಒಳಕ್ಕೆ ಹೋಗದಿದ್ದರೆ ನಾನು ಮಾಡಬಹುದಾದುದು ಹೆಚ್ಚಿಲ್ಲ" ಎಂದರು. ಮೆತ್ತಗೆ ಬೆಂದ ಅನ್ನಕ್ಕೆ ತಿಳಿಸಾರು ಕಲಸಿ ಕೊಡಬಹುದೆಂದೂ ಹೇಳಿದರು. ಮಕ್ಕಳಿಬ್ಬರೂ ಪಿಸುಮಾತಿನಲ್ಲಿಯೇ ಆಡುವುದನ್ನು ಕಲಿತುಬಿಟ್ಟಿದ್ದರು. ಮೂರು ವಾರ ಆರೈಕೆ ಮಾಡಿದ ನಮ್ಮ ಅತ್ತೆಯವರು ಕಿರಿಯ ಮಗಳ ಬಾಣಂತನಕ್ಕಾಗಿ ಊರಿಗೆ ಹೊರಡಲೇಬೇಕಾಯಿತು. ನೆರೆಯವರು ಎರಡು ದಿನ ಅಡಿಗೆ ಕಳುಹಿಸಿದರು. ಮೂರನೆಯ ದಿನ ನಮಗೇ ಸಂಕೋಚವಾಗಿ, ಸಾರನ್ನು ನಾವೇ ಮಾಡುವೆವೆಂದು ಸಾರಿದೆವು.

ವಿದ್ಯಾವಂತರ ಕ್ರಮದಂತೆ ಮೊದಲು ಒಂದು ನೋಟು ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ತೆಗೆದುಕೊಂಡು ಹಾಸಿಗೆಯ ಪಕ್ಕದಲ್ಲಿ ಕುಳಿತೆವು. "ಬೇಳೆ ಎಷ್ಟು?" "ಅರ್ಧ ಪಾವು." "ಹುಣಿಸೆಹಣ್ಣು?" "ಸಣ್ಣ ನಿಂಬೆಗಾತ್ರ." "ಸಾರಿನ ಪುಡಿ?" "ಎರಡು ಚಮಚ." ಉಪ್ಪು, ಬೆಲ್ಲ, ಅರಿಸಿನ ಎಲ್ಲವನ್ನೂ ಅಂದವಾಗಿ ಬರೆದುಕೊಂಡೆವು. ಯಾವುದು ಮೊದಲು, ಯಾವುದು ಆಮೇಲೆ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಅದನ್ನು ತಿಳಿಯದವರೂ ಪ್ರಪಂಚದಲ್ಲಿ ಇರುವರೆಂದು ಅವರಿಗೆ ತೋರಿರಲಾರದು.

ನಾವು ಪಟ್ಟಿಯಲ್ಲಿದ್ದುದೆಲ್ಲವನ್ನೂ, ಪಟ್ಟಿಯಲ್ಲಿದ್ದ ಕ್ರಮದಲ್ಲಿಯೇ, ಒಂದೇ ಪಾತ್ರೆಗೆ ಹಾಕಿ ನೀರೆರೆದು ಒಲೆಯ ಮೇಲಿಟ್ಟೆವು. ಅರ್ಧ ಗಂಟೆಯಾಯಿತು, ಬೇಳೆ ಹಾಗೆಯೇ ಇದೆ. ಸೌದೆ ಮುಂದೂಡಿದೆವು, ಊದಿದೆವು, ಕಣ್ಣು ಕೆಂಪಾಯಿತು. ಒಂದು ಗಂಟೆಯಾಯಿತು. ಸೌಟಿನಲ್ಲಿ ತೆಗೆದು ಹಿಸುಕಿದರೆ ಬೆರಳಿಗೆ ನೋವಾಯಿತೇ ಹೊರತು ಬೇಳೆಗೆ ಏನೂ ಆಗಲಿಲ್ಲ. ನಾವು ಮತ್ತೆ ನೋಟು ಪುಸ್ತಕವನ್ನು ನೋಡಿ, ಎಲ್ಲವೂ ಸರಿಯಾಗಿದೆಯೆಂದು ಖಚಿತಮಾಡಿಕೊಂಡು, ಬೇಳೆಯದೇ ತಪ್ಪೆಂದು ತೀರ್ಮಾನಿಸಿದೆವು. ದಿನಸಿ ಅಂಗಡಿಯವನನ್ನೂ ಸ್ವಲ್ಪ ಬೈದೆವೆಂದು ತೋರುತ್ತದೆ. ಆಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆರು ವರ್ಷದ ಮಗಳು ಓಡಿಹೋಗಿ ವರದಿ ಒಪ್ಪಿಸಿದಳು: "ಅಮ್ಮಾ, ಅಪ್ಪ ಪುಸ್ತಕ ಹಿಡಿದುಕೊಂಡು ಬೇಳೆಗೆ ಪಾಠ ಹೇಳುತ್ತಿದ್ದಾರೆ. ಅದಕ್ಕೆ ಏನೂ ಅರ್ಥವಾಗುತ್ತಿಲ್ಲ."

ಒಳಗಿನಿಂದ ಕ್ಷೀಣವಾದ ಧ್ವನಿ ಬಂದಿತು. "ಹುಣಿಸೆಹಣ್ಣು ಯಾವಾಗ ಹಾಕಿದಿರಿ?"

"ಬೇಳೆಯ ಜೊತೆಯಲ್ಲಿಯೇ" ಎಂದೆವು.

ಒಂದು ಕ್ಷಣ ಸದ್ದಿಲ್ಲ. ಅನಂತರ ಒಂದು ಶಬ್ದ ಕೇಳಿಸಿತು. ಕೆಮ್ಮೆಂದು ಭಯಪಟ್ಟು ಒಳಕ್ಕೆ ಓಡಿದೆವು. ಕೆಮ್ಮಲ್ಲ, ನಗೆ. ಬಹು ದಿನಗಳ ಮೇಲೆ ಅವರ ಮುಖ ಗೋಡೆಯಿಂದ ಈ ಕಡೆಗೆ ತಿರುಗಿತ್ತು. ನಕ್ಕು ನಕ್ಕು ಕಣ್ಣಲ್ಲಿ ನೀರು. ಮಕ್ಕಳು ಏಕೆಂದು ತಿಳಿಯದೆಯೇ ಕುಣಿದಾಡಿ ನಕ್ಕರು. ಮಸಿ ಮೆತ್ತಿದ ಮುಖದಿಂದ, ಕೈಯಲ್ಲಿ ಸೌಟು ಹಿಡಿದು, ಬೆರ್ಗ್‌ಸನ್ನನ ಉದಾಹರಣೆಯಾಗಿ ನಾವು ನಡುವೆ ನಿಂತಿದ್ದೆವು. "ಮೇಲಿನ ತಿಳಿ ತನ್ನಿ, ನೋಡೋಣ" ಎಂದರು. ತಂದೆವು. ಒಂದು ಚಮಚ ರುಚಿ ನೋಡಿ, "ಬೇಳೆ ನಪಾಸು; ನೀರು ಪಾಸು" ಎಂದು, ಅನ್ನಕ್ಕೆ ಕಲಸಿಕೊಡಲು ಹೇಳಿದರು. ಐದು ತುತ್ತು ಹೋಯಿತು. ನಾವು ಎಣಿಸಿದೆವು. ಸಂಜೆ ಏಳು.

ಈಗ ಕಾರಣವನ್ನು ಹೇಳಬೇಕು. ಕಾಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಪೆಕ್ಟಿನ್ ಎಂಬ ಅಂಟು. ಅದು ಬಿಸಿನೀರಿನಲ್ಲಿ ಬಿಟ್ಟರೆ ಬೇಳೆ ಕರಗುತ್ತದೆ. ನೀರಿನಲ್ಲಿ ಹುಳಿಯಿದ್ದರೆ ಬಿಡಲೊಲ್ಲದು. ಸುಣ್ಣದ ಅಂಶ ಹೆಚ್ಚಾಗಿರುವ ಗಡುಸು ನೀರಿನಲ್ಲಿಯೂ ಇದೇ ಪಾಡು. ಇದನ್ನು ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರಿಂದ ಕೇಳಿ ತಿಳಿದು ಮನೆಯಲ್ಲಿ ಬಹಳ ಗಂಭೀರವಾಗಿ ವಿವರಿಸಿದೆವು. "ಅದಕ್ಕೇ ಹುಳಿ ಆಮೇಲೆ ಹಾಕುವುದು" ಎಂದಷ್ಟೇ ಉತ್ತರ ಬಂದಿತು.

ಆದುದರಿಂದ ನಮ್ಮಂತಹ ಪುರುಷರು ಯಾರಾದರೂ ಕೇಳುತ್ತಿದ್ದರೆ ಕ್ರಮವನ್ನು ಬರೆದುಕೊಳ್ಳಬಹುದು. ತೊಗರಿಬೇಳೆಯನ್ನು ಚಿಟಿಕೆ ಅರಿಸಿನ, ಒಂದು ತೊಟ್ಟು ಎಣ್ಣೆಯೊಡನೆ ಬೇರೆಯಾಗಿಯೇ ಬೇಯಿಸಿ, ಮಸೆದು, ನೀರು ಬೆರೆಸಿ ಕಟ್ಟನ್ನು ಇಟ್ಟುಕೊಳ್ಳುವುದು. ಇನ್ನೊಂದು ಪಾತ್ರೆಯಲ್ಲಿ ಹುಣಿಸೆಯ ರಸ, ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ, ಕರಿಬೇವು; ಹಸಿವಾಸನೆ ಹೋಗುವವರೆಗೆ ಇದು ಕುದಿಯಬೇಕು. ಇಲ್ಲಿ ಆತುರ ಸಲ್ಲದು. ಆಮೇಲೆ ಬೇಳೆಯ ಕಟ್ಟನ್ನು ಸುರಿದು, ನೊರೆಯೆದ್ದು ಉಕ್ಕುವ ಹೊತ್ತಿಗೆ ಇಳಿಸಿ, ತುಪ್ಪದಲ್ಲಿ ಸಾಸಿವೆ, ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟು, ಕೊತ್ತಂಬರಿ ಸೊಪ್ಪು ಉದುರಿಸಿದರೆ ಮುಗಿಯಿತು. ಪುಡಿಯನ್ನು ಮನೆಯಲ್ಲಿಯೇ ಹುರಿಯುವ ಸಾಹಸವುಳ್ಳವರು ಮೆಂತ್ಯವನ್ನು ಕಪ್ಪಾಗಲು ಬಿಡಬಾರದು; ಕಹಿಯಾಗುತ್ತದೆ. ಇದೂ ಅನುಭವದ ಮಾತೇ. ಅದರ ಕಥೆಗೆ ಈಗ ವೇಳೆ ಸಾಲದು.

ಆ ನೋಟು ಪುಸ್ತಕವು ಈಗಲೂ ನಮ್ಮ ಅಡಿಗೆಯ ಮನೆಯ ಗೂಡಿನಲ್ಲಿದೆ. ನಮ್ಮ ಅಂದವಾದ ಬರಹದ ಕೆಳಗೆ, ಎದ್ದು ಕುಳಿತುಕೊಳ್ಳುವಷ್ಟು ಶಕ್ತಿ ಬಂದ ದಿನ ಮನೆಯವರು ನಡುಗುವ ಅಕ್ಷರದಲ್ಲಿ ಬರೆದ ಎರಡು ಪದಗಳಿವೆ: "ಹುಳಿ ಆಮೇಲೆ." ನೆಂಟರು ಬಂದಾಗ ಮಗಳು ಅದನ್ನು ತಂದು ತೋರಿಸುವುದುಂಟು. ಈ ಹೊತ್ತಿನಲ್ಲಿ ಮನೆಯಲ್ಲಿ ಎಲ್ಲರೂ ಈ ಭಾಷಣವನ್ನು ಕೇಳುತ್ತಿರುವರು. ಮೇಲೆ ಹೇಳಿದ ಕ್ರಮದಲ್ಲಿ ಎಲ್ಲಿಯಾದರೂ ತಪ್ಪಿದ್ದರೆ, ನಾವು ಹೊಸ್ತಿಲು ದಾಟುವ ಮೊದಲೇ ನಮಗೆ ತಿಳಿದುಬರುತ್ತದೆ.