ಹಿಡಿದಿಡುವ ಅಣು, ಹಬ್ಬುವ ಕ್ಯಾನ್ಸರ್



ಕ್ಯಾನ್ಸರ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗಡ್ಡೆ. ಆದರೆ ಹೆಚ್ಚಿನ ರೋಗಿಗಳ ಪ್ರಾಣ ತೆಗೆಯುವುದು ಮೊದಲು ಕಾಣಿಸಿಕೊಂಡ ಗಡ್ಡೆಯಲ್ಲ, ಅಲ್ಲಿಂದ ಹೊರಟು ಬೇರೆಡೆ ಬೀಡುಬಿಟ್ಟ ಕೋಶಗಳು. ಗುಟ್ಕಾ ಮತ್ತು ತಂಬಾಕು ಬೆರೆತ ಎಲೆ-ಅಡಿಕೆಯ ಚಟವಿರುವ ನಮ್ಮ ಹುಬ್ಬಳ್ಳಿ-ಧಾರವಾಡ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆನ್ನೆಯ ಒಳಗಿನ ಸಣ್ಣ ಹುಣ್ಣು ಕೆಲವೇ ತಿಂಗಳಲ್ಲಿ ಕುತ್ತಿಗೆಯ ಗಂಟಾಗುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರಂಭಿಕ ಹಂತದ ಬಾಯಿ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಮೊದಲ ಆಪರೇಷನ್ನಿನಲ್ಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದವರಲ್ಲಿ ಮೂರು ವರ್ಷದ ನಂತರ ಶೇ. 80ರಷ್ಟು ಮಂದಿ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆದರಾಯಿತು ಎಂದು ಕಾದವರಲ್ಲಿ ಅದು ಶೇ. 67.5. ಎರಡೂ ಗುಂಪಿನವರ ಕುತ್ತಿಗೆಯಲ್ಲಿ ಆರಂಭಕ್ಕೆ ಏನೂ ಕಾಣುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಕಣ್ಣಿಗೂ ಕೈಗೂ ಸಿಗದ ಕೋಶಗಳ ಪಯಣವೇ ಬದುಕು-ಸಾವನ್ನು ತೀರ್ಮಾನಿಸಿತು. ಆ ಪಯಣಕ್ಕೆ ಔಷಧದಿಂದ ತಡೆ ಒಡ್ಡಬಹುದೇ ಎಂಬುದೇ ಇಂದು ನಾನು ಎತ್ತಿಕೊಂಡಿರುವ ಪ್ರಶ್ನೆ.

ನಮ್ಮ ಕೋಶಗಳು ಒಂದನ್ನೊಂದು ಹಿಡಿದುಕೊಂಡು ಇರುತ್ತವೆ. ಪಕ್ಕದ ಕೋಶವನ್ನು ಹಿಡಿಯಲು ಕ್ಯಾಡ್‌ಹೆರಿನ್ ಎಂಬ ಅಣುಗಳಿವೆ, ಕೋಶದ ಸುತ್ತಲಿನ ಜಾಲವನ್ನು ಹಿಡಿಯಲು ಇಂಟೆಗ್ರಿನ್‌ಗಳಿವೆ, ಸಿಡಿ44, ಎಪ್‌ಕ್ಯಾಮ್, ನೆಕ್ಟಿನ್ ಹೀಗೆ ಇನ್ನೂ ಹಲವಿವೆ. ಕ್ಯಾನ್ಸರ್ ಕೋಶ ಹೊರಡಬೇಕಾದರೆ ಹಿಡಿತ ಸಡಿಲಿಸಬೇಕು, ರಕ್ತದಲ್ಲಿ ತೇಲಿ ಹೋಗಿ ಇನ್ನೊಂದು ಅಂಗದಲ್ಲಿ ತಂಗಬೇಕಾದರೆ ಮತ್ತೆ ಹಿಡಿಯಬೇಕು. ಲಂಡನ್ನಿನ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆ ಪರಿಶೀಲಿಸಿ, ಬೀಜ ಎಲ್ಲೆಡೆ ಬಿದ್ದರೂ ಹೊಂದುವ ನೆಲದಲ್ಲಷ್ಟೇ ಮೊಳೆಯುತ್ತದೆ ಎಂದಿದ್ದ. ಎರೆಹೊಲದ ಬೆಳೆಗೂ ಮಸಾರಿಯ ಬೆಳೆಗೂ ಇರುವ ಅಂತರ ಬಲ್ಲ ಧಾರವಾಡ ಜಿಲ್ಲೆಯ ರೈತನಿಗೆ ಪ್ಯಾಜೆಟ್ ಹೊಸದೇನನ್ನೂ ಹೇಳಲಿಲ್ಲ ಅನ್ನಿಸೀತು. ಬೀಜವನ್ನು ನೆಲಕ್ಕೆ ಕಚ್ಚಿಸುವ ಕೆಲಸದಲ್ಲಿ ಈ ಅಣುಗಳ ಪಾಲು ದೊಡ್ಡದು ಎಂದು ತಿಳಿಯಲು ಮಾತ್ರ ಸುಮಾರು ನೂರು ವರ್ಷ ಹಿಡಿಯಿತು.

ಈ ಅಣುಗಳನ್ನು ತಡೆಯಬಲ್ಲ ಸಾಧನ ಅಷ್ಟರಲ್ಲಿ ಕೈಗೆ ಬಂದಿತ್ತು. 1975ರಲ್ಲಿ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್, ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. ಹಾಗಾದರೆ ಹಿಡಿಯುವ ಅಣುವಿಗೇ ಪ್ರತಿಕಾಯ ಅಂಟಿಸಿ ಅದನ್ನು ಮುಚ್ಚಿಬಿಟ್ಟರೆ ಕ್ಯಾನ್ಸರ್ ಹಬ್ಬುವುದು ನಿಲ್ಲುವುದಿಲ್ಲವೇ? ಇಲಿಗಳಲ್ಲಿ ನಿಂತಿತು: ಸಿಡಿ44ರ ಒಂದು ರೂಪದ ವಿರುದ್ಧದ ಪ್ರತಿಕಾಯ ಗಡ್ಡೆ ಹರಡುವುದನ್ನು ತಡೆಯಿತು ಎಂಬ ವರದಿ 1993ರಲ್ಲಿ ಬಂತು. ಮನುಷ್ಯರಲ್ಲೂ ಆಸೆ ಹುಟ್ಟಿತು. ಎಪ್‌ಕ್ಯಾಮ್ ಹಿಡಿಯುವ ಎಡ್ರೆಕೊಲೊಮ್ಯಾಬ್ ಎಂಬ ಪ್ರತಿಕಾಯವನ್ನು ಜರ್ಮನಿಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಆಪರೇಷನ್ ಆದವರಿಗೆ ಕೊಟ್ಟು ನೋಡಿದರು. 189 ರೋಗಿಗಳ ಆ ಅಧ್ಯಯನ 1994ರಲ್ಲಿ ಸಾವು ಶೇ. 30ರಷ್ಟು ಇಳಿದಿದೆ ಎಂದಿತು. 2,700ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡ ಅಧ್ಯಯನ 2002ರಲ್ಲಿ ಹೊರಬಂದಾಗ ಆ ಲಾಭ ಕರಗಿಹೋಗಿತ್ತು. ಕೀಮೋ ಜೊತೆ ಕೊಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ, ಕೀಮೋ ಬದಲಿಗೆ ಕೊಟ್ಟರೆ ಫಲಿತಾಂಶ ಇನ್ನೂ ಕಳಪೆ. ಇಲಿಯ ಸುದ್ದಿಯನ್ನೇ ಮನುಷ್ಯರ ಸುದ್ದಿಯೆಂಬಂತೆ ಮೊದಲ ಪುಟದಲ್ಲಿ ಹಾಕುವ ಪತ್ರಿಕೆಗಳು 2002ರಂಥ ವರದಿಗಳಿಗೂ ಅಷ್ಟೇ ಜಾಗ ಕೊಟ್ಟರೆ ಓದುಗರಿಗೆ ಉಪಕಾರವಾದೀತು.

ಸೋಲಿಗೆ ಕಾರಣ ಬರೀ ಔಷಧದ ದೌರ್ಬಲ್ಯವಲ್ಲ ಎಂದು ನನ್ನ ವಾದ. ಹಿಡಿಯುವ ಅಣುವನ್ನು ಶತ್ರು ಎಂದುಕೊಂಡದ್ದರಲ್ಲೇ ತಪ್ಪಿತ್ತು. ಇ-ಕ್ಯಾಡ್‌ಹೆರಿನ್ ವಿರುದ್ಧ ಪ್ರತಿಕಾಯ ಹಾಕಿದಾಗ, ಅಲ್ಲಿಯವರೆಗೆ ಒಟ್ಟಿಗಿದ್ದ ಕೋಶಗಳು ಬಿಡಿಬಿಡಿಯಾಗಿ ಸುತ್ತಲಿನ ಅಂಗಾಂಶದೊಳಗೆ ನುಗ್ಗಲು ಶುರುಮಾಡಿದ್ದನ್ನು 1989ರಲ್ಲೇ ಪ್ರಯೋಗಾಲಯದಲ್ಲಿ ಕಂಡಿದ್ದರು. ಅಂದರೆ ತಡೆಯಲು ಹಾಕಿದ್ದೇ ಬಾಗಿಲು ತೆರೆಯಿತು. ಅಷ್ಟಕ್ಕೇ, ಈ ಅಣು ಯಾವಾಗಲೂ ನಮ್ಮ ಪರ ಎಂದೂ ಹೇಳುವಂತಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೀಣಾ ಪದ್ಮನಾಭನ್, ಆಂಡ್ರ್ಯೂ ಇವಾಲ್ಡ್ ಮತ್ತು ಸಂಗಡಿಗರು 2019ರಲ್ಲಿ ಸ್ತನ ಕ್ಯಾನ್ಸರಿನ ಮಾದರಿಗಳಲ್ಲಿ ಇದೇ ಇ-ಕ್ಯಾಡ್‌ಹೆರಿನ್ ತೆಗೆದು ನೋಡಿದರು. ಕೋಶಗಳು ಹೆಚ್ಚು ನುಗ್ಗಿದವು ನಿಜ, ಆದರೆ ದಾರಿಯಲ್ಲೇ ಹೆಚ್ಚು ಸತ್ತವು, ದೂರದಲ್ಲಿ ಬೇರೂರಿದ್ದು ಕಡಿಮೆ. ಹೊರಡುವಾಗ ಅಡ್ಡಿಯಾದ ಅಣುವೇ ತಲುಪುವಾಗ ಆಸರೆ. ಯಾವ ಹಂತದಲ್ಲಿ ಕೊಡುತ್ತೇವೆ ಎಂದು ನಿರ್ಧರಿಸದೆ ಇಂಥ ಪ್ರತಿಕಾಯ ಕೊಡುವುದು ಕುರುಡಾಟ.

ಹಾಗೆಂದು ಈ ದಾರಿಯನ್ನೇ ಕೈಬಿಡಬೇಕೇ? ಬೇಡ. ಅಣುವಿನ ಬಾಯಿ ಮುಚ್ಚುವ ಬದಲು ಅದನ್ನು ವಿಳಾಸವಾಗಿ ಬಳಸಿದ ಕಡೆ ಗೆಲುವು ಸಿಕ್ಕಿದೆ. ನೆಕ್ಟಿನ್-4 ಅಂಥದೊಂದು ಅಣು, ಮೂತ್ರಕೋಶದ ಕ್ಯಾನ್ಸರಿನಲ್ಲಿ ವಿಪರೀತವಾಗಿ ಇರುತ್ತದೆ. ಅದನ್ನು ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ಕೋಶ ಕೊಲ್ಲುವ ವಿಷ ಕಟ್ಟಿ ಮಾಡಿದ ಎನ್‌ಫೋರ್ಟುಮ್ಯಾಬ್ ವೆಡೋಟಿನ್ ಔಷಧಕ್ಕೆ 2019ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಅದನ್ನು ಪೆಂಬ್ರೊಲಿಜುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯದ ಜೊತೆ ಕೊಟ್ಟಾಗ, ಆಗಲೇ ಹಬ್ಬಿದ್ದ ರೋಗದಲ್ಲಿ ಬದುಕಿನ ಮಧ್ಯಮ ಅವಧಿ ಕೀಮೋದ 16 ತಿಂಗಳಿಂದ 31 ತಿಂಗಳು ದಾಟಿತು. ಆದರೆ ಇದೇ ಉಪಾಯವನ್ನು ಬಾಯಿ-ಗಂಟಲಿನ ಕ್ಯಾನ್ಸರಿಗೆ ಅದಕ್ಕೂ ಮೊದಲೇ ಹೂಡಿ ಕೈಸುಟ್ಟುಕೊಂಡಿದ್ದರು. ಸಿಡಿ44ರ ಒಂದು ರೂಪವಾದ ಸಿಡಿ44ವಿ6 ಹುಡುಕುವ ಬಿವಾಟುಜುಮ್ಯಾಬ್‌ಗೆ ವಿಷ ಕಟ್ಟಿದ್ದರು. ಅದೇ ಅಣು ಚರ್ಮದ ಕೋಶಗಳಲ್ಲೂ ಇದ್ದುದರಿಂದ ಒಬ್ಬ ರೋಗಿಯ ಚರ್ಮವೇ ಸುಲಿದು ಸಾವು ಸಂಭವಿಸಿ ಪ್ರಯೋಗ ನಿಂತಿತು. ವಿಳಾಸ ಎರಡು ಮನೆಗೆ ಒಂದೇ ಆದರೆ ಅಂಚೆ ತಪ್ಪು ಬಾಗಿಲಿಗೂ ಹೋಗುತ್ತದೆ. ನೆಕ್ಟಿನ್-4 ಔಷಧದಲ್ಲೂ ಚರ್ಮದ ತೊಂದರೆಯ ಎಚ್ಚರಿಕೆ ಇದ್ದೇ ಇದೆ.

ಇದೆಲ್ಲ ಸಿರಿವಂತ ದೇಶಗಳ ಮಾತು, ಉತ್ತರ ಕರ್ನಾಟಕದ ಕೂಲಿಕಾರನಿಗೆ ಏನು ಬಂತು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪ್ರತಿಕಾಯ ತಯಾರಿಸುವ ಕೈ ನಮ್ಮಲ್ಲಿಲ್ಲ ಎಂಬ ಕಾಲ ಹೋಯಿತು. ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆಂದು ಮಾರುಕಟ್ಟೆಗೆ ತಂದ ಇಟೊಲಿಜುಮ್ಯಾಬ್ ಹಿಡಿಯುವುದು ಸಿಡಿ6 ಅನ್ನು. ಆ ಸಿಡಿ6ರ ಜೋಡಿ ಆಲ್ಕ್ಯಾಮ್ ಎಂಬ ಅಣು, ಅದೂ ಇದೇ ಹಿಡಿದಿಡುವ ಕುಲದ್ದು. ಬೆಲೆಯ ಪ್ರಶ್ನೆಗೂ ಉತ್ತರ ಹುಡುಕುವವರಿದ್ದಾರೆ. ಟಾಟಾ ಆಸ್ಪತ್ರೆಯವರು ತಲೆ-ಕುತ್ತಿಗೆಯ ಕ್ಯಾನ್ಸರಿಗೆ ನಿವೊಲುಮ್ಯಾಬ್ ಎಂಬ ಬೇರೆ ಜಾತಿಯ ಪ್ರತಿಕಾಯವನ್ನು ವಾಡಿಕೆಯ ಪ್ರಮಾಣದ ಹತ್ತರಲ್ಲೊಂದು ಪಾಲಿಗೂ ಕಡಿಮೆ, ಬರೀ 20 ಮಿಲಿಗ್ರಾಂ, ಕೊಟ್ಟರು. ಒಂದು ವರ್ಷ ಬದುಕಿದವರು ಶೇ. 16ರಿಂದ ಶೇ. 43ಕ್ಕೆ ಏರಿದರು ಎಂದು 2022ರಲ್ಲಿ ವರದಿಯಾಯಿತು. ಪೂರ್ತಿ ಪ್ರಮಾಣವೇ ಬೇಕೇ ಎಂದು ಕೇಳುವ ಧೈರ್ಯ ಬಡ ದೇಶದ ವೈದ್ಯರಿಗೆ ಬಂದದ್ದು ಆಕಸ್ಮಿಕವಲ್ಲ. ತಂಬಾಕು ಬಿಡಿಸಿದರೆ ಇಷ್ಟೆಲ್ಲ ಏಕೆ ಬೇಕು ಎನ್ನುವವರ ಮಾತನ್ನೂ ಒಪ್ಪುತ್ತೇನೆ. ಚಟವಿರುವವರ ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸುತ್ತ ಬಂದದ್ದರಿಂದಲೇ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ಇಳಿದದ್ದನ್ನು ತಿರುವನಂತಪುರದ ಅಧ್ಯಯನ 2005ರಲ್ಲಿ ತೋರಿಸಿತು. ಆದರೆ ಇವತ್ತು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಕಿಮ್ಸ್ ಆಸ್ಪತ್ರೆಯಲ್ಲೋ ಬಯಾಪ್ಸಿ ವರದಿಗೆ ಕಾಯುತ್ತ ಕುಳಿತವರಿಗೆ ಆ ಸಲಹೆ ತಡವಾಗಿ ಬಂದಿದೆ.

ಅವರ ಗಡ್ಡೆಯ ಚೂರುಗಳಲ್ಲಿ ಯಾವ ಅಣು ಎಷ್ಟಿದೆ, ಕುತ್ತಿಗೆಗೆ ಹಬ್ಬಿದ ಮೇಲೆ ಅದು ಹೆಚ್ಚಿತೇ ಕುಗ್ಗಿತೇ, ರೋಗಿಯ ಚರ್ಮದಲ್ಲಿ ಎಷ್ಟಿದೆ ಎಂದು ವರ್ಷಗಟ್ಟಲೆ ಬರೆದಿಡುವುದು ಹುಬ್ಬಳ್ಳಿ-ಧಾರವಾಡದ ವೈದ್ಯಕೀಯ ಕಾಲೇಜುಗಳಿಗೂ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಕೂಡಿ ಮಾಡಬಹುದಾದ ಕೆಲಸ. ಕೋಟಿಗಟ್ಟಲೆ ಬೇಡದ, ಹೆಸರೂ ಅಷ್ಟಾಗಿ ತರದ ಕೆಲಸ. ಬಾಯಿ ಕ್ಯಾನ್ಸರಿಗೆ ಸರಿಯಾದ ವಿಳಾಸ ಯಾವುದೆಂದು ಇಲ್ಲಿಯ ರೋಗಿಗಳಲ್ಲೇ ಹುಡುಕಬೇಕು, ಏಕೆಂದರೆ ರೋಗ ಹೆಚ್ಚಿರುವುದು ಇಲ್ಲಿ. ಈ ಕ್ಯಾನ್ಸರ್ ಪ್ರದರ್ಶನದಲ್ಲಿ ಸೂಕ್ಷ್ಮದರ್ಶಕ ಇಟ್ಟಿರುವ ವಿದ್ಯಾರ್ಥಿಗಳಿಗೆ, ನೋಡಲು ಬಂದವರು ಈ ಪ್ರಶ್ನೆಗಳನ್ನೇ ಕೇಳಲಿ ಎಂದು ಕೋರುತ್ತ, ಪ್ರದರ್ಶನ ಆರಂಭವಾಗಿದೆ ಎಂದು ಘೋಷಿಸುತ್ತೇನೆ.