ಕಂಡ ಮೇಲೆ ಸುಮ್ಮನಿರುವುದು ಹೇಗೆ?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

1952ರಲ್ಲಿ ಅರ್ಜೆಂಟೀನಾದ ವೈದ್ಯಕೀಯ ವಿದ್ಯಾರ್ಥಿಯೊಬ್ಬ, 23ರ ತರುಣ, ಗೆಳೆಯ ಆಲ್ಬರ್ಟೋ ಗ್ರನಾಡೊ ಜೊತೆ ಹಳೆಯ ನಾರ್ಟನ್ ಬೈಕಿನಲ್ಲಿ ದಕ್ಷಿಣ ಅಮೆರಿಕ ಸುತ್ತಲು ಹೊರಟಿದ್ದ. ಅವನೇ ಚೆ ಗೆವಾರ. ಹೊರಟದ್ದು ಮೋಜಿಗೆ. ಚಿಲಿಯಲ್ಲಿ ಬೈಕು ಕೈಕೊಟ್ಟಿತು. ಮುಂದೆ ಸಿಕ್ಕ ಲಾರಿ ಹತ್ತಿ, ನಡೆದು ಸಾಗಬೇಕಾಯಿತು. ಜನರ ಬದುಕು ಹತ್ತಿರದಿಂದ ಕಂಡದ್ದು ಆಗಲೇ.

ಚುಕಿಕಮಾಟಾ ತಾಮ್ರದ ಗಣಿಯ ದಾರಿಯಲ್ಲಿ ಒಬ್ಬ ಕೂಲಿಕಾರ ಮತ್ತು ಅವನ ಹೆಂಡತಿ ಸಿಕ್ಕರು. ತನ್ನ ರಾಜಕೀಯ ನಂಬಿಕೆಗಾಗಿ ಜೈಲು ಕಂಡು ಬಂದವನು ಆತ, ಕೆಲಸ ಹುಡುಕುತ್ತಿದ್ದ. ಮರುಭೂಮಿಯ ಚಳಿಯಲ್ಲಿ ಹೊದೆಯಲು ಕಂಬಳಿ ಇರಲಿಲ್ಲ. ಗೆಳೆಯರು ತಮ್ಮದೊಂದನ್ನು ಕೊಟ್ಟರು. ಪೆರುವಿನಲ್ಲಿ ಕುಷ್ಠರೋಗಿಗಳ ಕೈಯನ್ನು ಕೈಗವಸಿಲ್ಲದೆ ಹಿಡಿದರು, ಜೊತೆಗೆ ಕುಳಿತರು, ಚೆಂಡಾಡಿದರು. ಆ ತಿರುಗಾಟ ತನ್ನನ್ನು ಬದಲಿಸಿತೆಂದು ಮುಂದೆ ಅವನೇ ಬರೆದುಕೊಂಡ. ಆಮೇಲೆ ಅವನು ಬಂದೂಕು ಹಿಡಿದ. ಅದು ಶರಣರ ದಾರಿಯಲ್ಲ. ಆದರೆ ಕಂಡದ್ದನ್ನು ಮರೆಯಲಿಲ್ಲ.

ನಾನೂ ಆ ವಯಸ್ಸಿನಲ್ಲಿ ಊರೂರು ತಿರುಗಿದವನೇ, ಸರ್ಕಾರಿ ಜೀಪಿನಲ್ಲಿ. ಒಂದು ಹಳ್ಳಿಗೆ ಒಂದೇ ಕೊಳವೆಬಾವಿ ಮಂಜೂರಾಗಿತ್ತು. ಕೇರಿಯ ಬಳಿ ಒಳ್ಳೆಯ ಸೆಲೆ ಇತ್ತು. ಊರ ಹಿರಿಯರು ಮೇಲಿನ ಓಣಿಗೇ ಬೇಕೆಂದರು. ಅವರ ಹಣೆಯ ಮೇಲೆ ವಿಭೂತಿ ಇತ್ತು, ನನ್ನ ಹಣೆಯ ಮೇಲೂ ಇತ್ತು. ಸಹಿ ಹಾಕಿದೆ. ಮರುಬೇಸಿಗೆಯಲ್ಲಿ ಹೋದಾಗ ಕೇರಿಯ ಹೆಣ್ಣುಮಕ್ಕಳು ಪಂಪಿನಿಂದ ದೂರ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ನೀರು ಹಾಕಲೆಂದು ಕಾಯುತ್ತಿದ್ದರು. ಅಂದೂ ನಾನು ಜೀಪಿನಿಂದ ಇಳಿಯಲಿಲ್ಲ.

ಆ ರಾತ್ರಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತರೆ ಕಣ್ಣ ಮುಂದೆ ಬಂದದ್ದು ಆ ಕೊಡಗಳು. ಸೇವೆಯಲ್ಲಿದ್ದಷ್ಟು ಕಾಲ, ಕೇರಿಯನ್ನು ಕಾಲಲ್ಲಿ ಸುತ್ತದೆ ಮತ್ತೆ ಯಾವ ಬಾವಿಗೂ ಸಹಿ ಹಾಕಲಿಲ್ಲ. ಆದರೆ ಆ ಮೊದಲ ಸಹಿ ಅಳಿಸಲು ಬರುವುದಿಲ್ಲ.

ಪ್ರಯಾಣವೊಂದೇ ಮನುಷ್ಯನನ್ನು ಬದಲಿಸುವುದಿಲ್ಲ, ಬಂಧುಗಳೆ. ಇಳಿಯಬೇಕು, ಜೊತೆಗೆ ಕೂರಬೇಕು. ಜಂಗಮ ಎಂದರೆ ಚಲಿಸುವುದು. ಅಕ್ಕ ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದಳು. ನಾವು ಮಕ್ಕಳನ್ನು ಬಸ್ಸಿನಲ್ಲಿ ಕೂಡಲಸಂಗಮಕ್ಕೆ ಕರೆದೊಯ್ದು, ಫೋಟೋ ತೆಗೆಸಿ ಕರೆತರುತ್ತೇವೆ.

ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ಮಠದ ಪ್ರಸಾದ ನಿಲಯದ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಒಂದು ವಾರ ಕೇರಿಯ ಮನೆಗಳಲ್ಲಿ ಇರಲು ಕಳಿಸೋಣ. ಅಲ್ಲೇ ಉಣ್ಣಲಿ, ಅಲ್ಲೇ ಮಲಗಲಿ, ಅಲ್ಲಿಯ ಕೊಡ ಹೊರಲಿ. ಕಂಡವರು ನನ್ನ ಹಾಗೆ ಸುಮ್ಮನಿರದಿರಲಿ.